ಗೋಡೆ ಯಾರ ಕಣ್ಣಿಗೆ?

ಅಮ್ಮಸಂದ್ರದ ನಮ್ಮ ಮನೆಗೆ ಬಣ್ಣ ಹೊಡೆಸುವ ಮೊದಲು ಬಣ್ಣದ ಸಲಹೆಗಾರರೊಬ್ಬರನ್ನು ಕರೆಸಬೇಕೆಂದು ತೀರ್ಮಾನಿಸಿದ್ದು ನಾನು. ಬೆಂಗಳೂರಿನಲ್ಲಿ ಕೂತು ಅದಕ್ಕೆ ಫಾರ್ಮ್ ತುಂಬಿದ್ದೂ ನಾನೇ. 'ಮನೆಯಲ್ಲಿ ಎಷ್ಟು ಜನ ವಾಸ?' ಎಂಬಲ್ಲಿ 'ಒಬ್ಬರು' ಎಂದು ಬರೆದೆ. 'ಇಷ್ಟದ ಬಣ್ಣ?' ಎಂಬಲ್ಲಿ 'ತಿಳಿ ಬೂದು' ಎಂದು ಬರೆದೆ. ವಾಸ ಅಮ್ಮನದು, ಇಷ್ಟ ನನ್ನದು. ಎರಡು ಸಾಲಿನ ನಡುವೆ ಮನುಷ್ಯರೇ ಬದಲಾಗಿದ್ದಾರೆಂಬುದು ಆಗ ಹೊಳೆಯಲಿಲ್ಲ.

ರಾತ್ರಿ ಫೋನಿನಲ್ಲಿ ಹೇಳಿದಾಗ ಅಮ್ಮ ಕೇಳಿದ್ದು ಒಂದೇ ಮಾತು: "ಬೂದು ಅಂದ್ರೆ ಸಿಮೆಂಟ್ ಬಣ್ಣಾನಾ? ದುಡ್ಡು ಸಾಲ್ದೆ ಅರ್ಧಕ್ಕೇ ಬಿಟ್ಟವ್ರೆ ಅಂತಾರೆ ಕಣಪ್ಪ."

ನಕ್ಕೆ. ಫೋನಿಟ್ಟ ಮೇಲೆ ನಗು ನಿಂತಿತು. ತುಮಕೂರಿನಿಂದ ತಿಪಟೂರಿಗೆ ಹೋಗುವ ರೈಲು ದಾರಿಯಲ್ಲಿರುವ ಈ ಸಣ್ಣ ಊರನ್ನು ಹೊರಗಿನವರು ಗುರುತಿಸುವುದೇ ಸಿಮೆಂಟ್ ಕಾರ್ಖಾನೆಯಿಂದ. ಊರಿನವರಿಗೆ ಬೂದು ಎಂದರೆ ಗಾರೆ ಮುಗಿದು, ಸುಣ್ಣಬಣ್ಣಕ್ಕೆ ಕಾಸು ಉಳಿಯದೆ ನಿಂತ ಮನೆ. ಕೊಬ್ಬರಿ ರೇಟು ಬಿದ್ದ ವರ್ಷ ಗೃಹಪ್ರವೇಶ ಮಾಡಿದವರ ಗೋಡೆ ಅದು. ಅದೇ ಬೂದು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಒಳ್ಳೆಯ ಅಭಿರುಚಿ ಎನಿಸಿಕೊಳ್ಳುತ್ತದೆ, ಏಕೆಂದರೆ ಅಲ್ಲಿ ಯಾರೂ ಅದನ್ನು ಬಡತನ ಎಂದು ಓದುವುದಿಲ್ಲ. ಕೈಯಲ್ಲಿ ಕಾಸಿದ್ದೂ ಬಣ್ಣ ಬೇಡ ಎನ್ನುವುದು ಒಂದು ಠೀವಿ. ಆ ಠೀವಿಯನ್ನು ನಾನು ಅಮ್ಮನ ಗೋಡೆಗೆ ಬಳಿಯಲು ಹೊರಟಿದ್ದೆ.

ರುಚಿ ಅವರವರದು ಎಂದು ಈ ಮಾತನ್ನು ಮುಗಿಸಿಬಿಡಬಹುದು. 1790ರಲ್ಲಿ ಕಾಂಟ್ ಬರೆದ ಗ್ರಂಥದಲ್ಲಿ ಬಣ್ಣದ ಉದಾಹರಣೆಯೇ ಇದೆ. ನೇರಳೆ ಬಣ್ಣ ಒಬ್ಬನಿಗೆ ಹಿತ, ಮತ್ತೊಬ್ಬನಿಗೆ ನಿರ್ಜೀವ. ಇಂಥದರಲ್ಲಿ ಜಗಳಕ್ಕೆ ಅರ್ಥವಿಲ್ಲ, 'ಸುಂದರ' ಎಂದಾಗ ಮಾತ್ರ ನಾವು ಉಳಿದವರ ಒಪ್ಪಿಗೆಯನ್ನೂ ಕೇಳುತ್ತಿರುತ್ತೇವೆ ಎಂಬುದು ಅವನ ವಾದ. ಆದರೆ ಅಮ್ಮ ಬೂದು ಹಿತವಲ್ಲ ಎನ್ನಲಿಲ್ಲ, ಸುಂದರವಲ್ಲ ಎಂದೂ ಹೇಳಲಿಲ್ಲ. ಅದು ದಾರಿಯಲ್ಲಿ ಹೋಗುವವರಿಗೆ ಏನು ಹೇಳುತ್ತದೆ ಎಂದಳು. ಹೊರಗೋಡೆ ಒಂದು ಹೇಳಿಕೆ. ಬರೆಸುವವನು ನಾನಾದರೂ ಅದರ ಕೆಳಗೆ ಇರುವ ಸಹಿ ಅವಳದು.

ನಮ್ಮ ಸೀಮೆಯ ಮನೆಗಳಿಗೆ ಬಣ್ಣ ಬಂದದ್ದು ತಡವಾಗಿ. ಮೊದಲಿದ್ದದ್ದು ಸುಣ್ಣ, ಹೆಚ್ಚೆಂದರೆ ಅದಕ್ಕೆ ಚಿಟಿಕೆ ಬಟ್ಟೆ ನೀಲಿ, ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ. ಆಮೇಲೆ ಸ್ನೋಸೆಮ್, ಡಿಸ್ಟೆಂಪರ್, ಈಗ ಅಂಗಡಿಯ ಮಷೀನು ಕ್ಷಣದಲ್ಲಿ ಕಲಸಿಕೊಡುವ ಸಾವಿರಾರು ಶೇಡುಗಳು. ಹಳ್ಳಿಯ ಗಿಳಿಹಸಿರು, ಗುಲಾಬಿ ಗೋಡೆಗಳನ್ನು ಕಂಡು 'ಕಣ್ಣಿಗೆ ಹೊಡೆಯುತ್ತೆ' ಎಂದು ಮೂಗು ಮುರಿಯುವ ನಾವು (ನಾನೂ ಮುರಿದಿದ್ದೇನೆ) ಇದನ್ನು ಮರೆಯುತ್ತೇವೆ. ಬಣ್ಣ ಕೈಗೆಟುಕದೆ ಇದ್ದವರಿಗೆ ಅದು ಎಟುಕಿದಾಗ, ಎಟುಕಿದ್ದು ಕಾಣಬೇಕು ಅನ್ನಿಸುವುದರಲ್ಲಿ ತಪ್ಪೇನಿದೆ?

ಬೇರೆಯವರ ಮನೆಗೆ ಬಣ್ಣ ಆರಿಸಿದವರಲ್ಲಿ ದೊಡ್ಡ ಹೆಸರು ಲೆ ಕಾರ್ಬೂಸಿಯೆ. ಫ್ರಾನ್ಸಿನ ಬೋರ್ಡೋ ಹತ್ತಿರ ಪೆಸಾಕ್‌ನಲ್ಲಿ 1920ರ ದಶಕದಲ್ಲಿ ಫ್ರೂಜೆಸ್ ಎಂಬ ಉದ್ಯಮಿಗಾಗಿ ಸುಮಾರು 50 ಮನೆ ಕಟ್ಟಿಸಿ, ಹೊರಗೋಡೆಗಳ ಬಣ್ಣವನ್ನೂ ತಾನೇ ನಿಗದಿ ಮಾಡಿದ. ವಾಸಕ್ಕೆ ಬಂದವರು ಕಾಲಕ್ರಮದಲ್ಲಿ ಕಿಟಕಿ ಸಣ್ಣದು ಮಾಡಿಕೊಂಡರು, ಮೇಲೆ ಇಳಿಜಾರು ಮಾಡು ಹಾಕಿಸಿದರು, ಬಣ್ಣ ಬದಲಿಸಿದರು. ಫಿಲಿಪ್ ಬೂದೋ ಈ ಬದಲಾವಣೆಗಳ ಮೇಲೆಯೇ ಅಧ್ಯಯನ ಮಾಡಿ 1969ರಲ್ಲಿ ಪುಸ್ತಕ ಪ್ರಕಟಿಸಿದ. 2016ರಲ್ಲಿ ಆ ಬಡಾವಣೆ ಯುನೆಸ್ಕೊ ಪಟ್ಟಿ ಸೇರಿತು. ಪೆಸಾಕ್‌ನವರು ಬಣ್ಣ ಬದಲಿಸಿಯಾದರೂ ಉತ್ತರ ಕೊಟ್ಟರು. ಮಗ ಹೊಡೆಸಿದ ಬಣ್ಣವನ್ನು ತಾಯಿ ಬದಲಿಸುವುದಿಲ್ಲ. ಬಂದವರಿಗೆಲ್ಲ "ನಮ್ ಹುಡ್ಗ ಹೊಡ್ಸಿದ್ದು" ಎಂದು ತೋರಿಸುತ್ತಾಳೆ, ಮನಸ್ಸಿಗೆ ಬರದಿದ್ದರೂ.

ಎರಡನೆಯ ಸಲ ಫೋನು ಮಾಡಿ 'ನೀನೇ ಹೇಳು' ಎಂದೆ. "ನಿಂಗೆ ಯಾವ್ದು ಚೆನ್ನಾಗಿ ಕಾಣುತ್ತೋ ಅದೇ ಹೊಡ್ಸು" ಎಂದಳು. ಇದನ್ನು ಒಪ್ಪಿಗೆ ಎನ್ನಬಹುದೇ? ಕಾಗದದ ಮೇಲಾದರೆ ಹೌದು. ಆದರೆ ದುಡ್ಡು ಕೊಡುವವನ ಎದುರು ಹೇಳುವ 'ನಿನ್ನಿಷ್ಟ'ಕ್ಕೆ ಅರ್ಥ ಬೇರೆ. ಹಾಗೆಂದು ಶೇಡ್ ಕಾರ್ಡನ್ನು ಅವಳ ಮಡಿಲಿಗೆ ಹಾಕಿ 'ಆರಿಸು' ಎನ್ನುವುದೂ ಗೌರವವಲ್ಲ. ಹೆಬ್ಬೆಟ್ಟಿನ ಉಗುರಿನಷ್ಟಿರುವ ನೂರಾರು ಚೌಕಗಳಲ್ಲಿ ಒಂದು ಗೋಡೆಯನ್ನು ಕಲ್ಪಿಸಿಕೊಳ್ಳುವುದು ನನಗೂ ಬಾರದ ವಿದ್ಯೆ.

ಸಲಹೆಗಾರ್ತಿ ತುಮಕೂರಿನಿಂದ ಬಂದಳು, ಚಿಕ್ಕ ವಯಸ್ಸಿನ ಹುಡುಗಿ. ಅಮ್ಮ "ಬಾರಮ್ಮ, ಕೂತ್ಕೋ" ಎಂದು ಕಾಫಿಗೆ ಒಳಗೆ ಹೋದಳು. ಹುಡುಗಿ ಕಾರ್ಡು ತೆಗೆಯಲೇ ಇಲ್ಲ. "ಸರ್, ಬೆಳಿಗ್ಗೆ ಯಾವ ಕೋಣೆಯಲ್ಲಿ ಹೆಚ್ಚು ಹೊತ್ತು ಇರ್ತಾರೆ? ಸಂಜೆ ಎಲ್ಲಿ? ದೀಪ ಯಾವಾಗ ಹಾಕ್ತಾರೆ?" ನನಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಹುಟ್ಟಿ ಬೆಳೆದ ಮನೆ.

"ಅಮ್ಮನ್ನೇ ಕರೀರಿ" ಎಂದಳು.

ಆಮೇಲಿನ ಒಂದೂವರೆ ಗಂಟೆ ನಾನು ಹೆಚ್ಚುಕಡಿಮೆ ಪ್ರೇಕ್ಷಕ. ಯಾವ ಬಣ್ಣ ಬೇಕೆಂದು ಅಮ್ಮನನ್ನು ಅವಳು ಕೊನೆಯವರೆಗೂ ಕೇಳಲಿಲ್ಲ. ಎಲ್ಲಿ ಒರಗಿ ಕೂರುತ್ತೀರಿ ಎಂದಳು. ಪಡಸಾಲೆಯ ಗೋಡೆಯಲ್ಲಿ ತಲೆಯ ಎಣ್ಣೆಯ ಕಲೆ ಉತ್ತರ ಕೊಟ್ಟಿತು. ಅಲ್ಲಿಗೆ ತೊಳೆಯಲು ಬರುವ ಪೇಂಟು ಎಂದಾಯಿತು. ಅಟ್ಟದ ಏಣಿಯ ಪಕ್ಕದ ಗೋಡೆಗೂ ಅದನ್ನೇ ಸೂಚಿಸಿದಾಗ ಅಮ್ಮ ಬೇಡ ಎಂದಳು. ಅಲ್ಲಿ ಇದ್ದಿಲಿನ ಲೆಕ್ಕವಿದೆ: ಯಾವ ತಿಂಗಳು ಕೆಡವಿಸಿದ ಕಾಯಿ, ಅಟ್ಟಕ್ಕೆ ಹಾಕಿದ್ದು ಎಷ್ಟು. ಉಂಡೆ ಕೊಬ್ಬರಿಯಾಗಲು ಕಾಯಿ ಅಟ್ಟದ ಮೇಲೆ ವರ್ಷದ ಹತ್ತಿರ ಒಣಗಬೇಕು, ಅಷ್ಟು ದಿನ ಲೆಕ್ಕವೂ ಗೋಡೆಯ ಮೇಲಿರಬೇಕು. ನುಣುಪು ಪೇಂಟಿನ ಮೇಲೆ ಇದ್ದಿಲು ಹತ್ತುವುದಿಲ್ಲ. ಆ ಗೋಡೆಯನ್ನು ಸುಣ್ಣಕ್ಕೇ ಬಿಟ್ಟೆವು. ನಾನೊಬ್ಬನೇ ಆಗಿದ್ದರೆ ಅದನ್ನು ಕೊಳೆ ಎಂದು ಮೊದಲು ಕೆರೆಸುತ್ತಿದ್ದೆ.

ಕೆಮ್ಮಣ್ಣಿನ ಪಟ್ಟೆಯ ವಿಷಯ ಇನ್ನೂ ಗಂಭೀರ. ಗೋಡೆ, ನೆಲ, ಮೆಟ್ಟಿಲು ಎಲ್ಲ ಒಂದೇ ತಿಳಿಬಣ್ಣದ ಛಾಯೆಯಲ್ಲಿ ಹರಿಯಬೇಕು ಎಂಬುದು ನನ್ನ ಯೋಜನೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗೆ ತಿರುಗುತ್ತದೆ, ಹತ್ತಿರ ಹತ್ತಿರದ ತಿಳಿಬಣ್ಣಗಳು ಬೇರೆಯಾಗಿ ಕಾಣುವುದಿಲ್ಲ. ಗೋಡೆ ಮುಗಿದು ನೆಲ ಶುರುವಾಗುವ ಜಾಗ, ಮೆಟ್ಟಿಲಿನ ಅಂಚು ಮಾಯವಾಗುತ್ತವೆ. ಒಂದು ಬಣ್ಣ ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆ ಎಂಬುದಕ್ಕೆ 0ಯಿಂದ 100ರವರೆಗೆ ಅಂಕವಿದೆ. ಇಂಥ ಕಡೆ ಎರಡು ಮೇಲ್ಮೈಗಳ ನಡುವೆ 30 ಅಂಕಗಳ ಅಂತರವಿರಲಿ ಎಂದು ಬ್ರಿಟನ್ನಿನ ಕಟ್ಟಡ ಮಾರ್ಗಸೂಚಿ ಹೇಳುತ್ತದೆ. ಬಿಳಿ ಸುಣ್ಣದ ಬುಡದ ಆ ಕೆಂಪು ಪಟ್ಟೆ ಮಳೆಗಾಲದ ಕೆಸರಿನ ಸಿಡಿತವನ್ನು ಮುಚ್ಚುವುದರ ಜೊತೆಗೆ ಈ ಕೆಲಸವನ್ನೂ ಮಾಡಿಕೊಂಡು ಬಂದಿತ್ತು. ನನ್ನ ಅಂದದ ಕಲ್ಪನೆಯಲ್ಲಿ ಅಮ್ಮ ಎಡವಿ ಬೀಳುವ ಸಾಧ್ಯತೆ ಇತ್ತು. ರುಚಿ ಅವರವರದು ಎಂಬ ಮಾತು ಇಲ್ಲಿ ಬಾಯಿಗೇ ಬರಲಿಲ್ಲ.

ಪೇಂಟರ್ ಕೇಳಿದ್ದು ಇನ್ನೊಂದು. ಹಳೆಯ ಸುಣ್ಣದ ಪದರ ಕೆರೆಯದೆ ಪ್ಲಾಸ್ಟಿಕ್ ಪೇಂಟು ಬಳಿದರೆ ಹೊಪ್ಪಳೆ ಏಳುತ್ತದೆ, ಅದಕ್ಕೆರಡು ದಿನದ ಕೂಲಿ ಹೆಚ್ಚು ಬೇಕು. ಸಲಹೆಗಾರ್ತಿ ಹೇಳಿದಳು: ಕಿಟಕಿ ಬಾಗಿಲುಗಳ ಹಳೆಯ ಎಣ್ಣೆ ಬಣ್ಣವನ್ನು ಒಣಗಿದ್ದಂತೆ ಉಜ್ಜಬೇಡಿ, ಒದ್ದೆ ಮಾಡಿ ಉಜ್ಜಿ. ಮನೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ನಮ್ಮ ಬಾಗಿಲುಗಳು ಅದಕ್ಕಿಂತ ಎಷ್ಟೋ ಹಳೆಯವು. ಆ ಧೂಳು ಕುಡಿಯುವ ಪೇಂಟರನ ಬಗ್ಗೆ ನನ್ನ ಫಾರ್ಮಿನಲ್ಲಿ ಒಂದು ಕಾಲಮ್ಮೂ ಇರಲಿಲ್ಲ.

ಹೊರಗೋಡೆಗೆ ಅಮ್ಮ ಕೊನೆಗೆ ಬಾಯಿಬಿಟ್ಟು ಹೇಳಿದ್ದು ಅರಿಶಿನ ಹಳದಿ. ಹೇಳಿದ ಮೇಲೆ ನನ್ನ ಮುಖ ನೋಡಿದಳು. ನನಗೆ ಇಷ್ಟವಾಗಲಿಲ್ಲ, ಈಗಲೂ ಆಗಿಲ್ಲ. ಎಡವುವ ಭಯದಂಥ ಕಾರಣ ಯಾವುದೂ ಅದರ ಬೆನ್ನಿಗಿಲ್ಲ, ಬರೀ ಇಷ್ಟ. ಪ್ರಯೋಜನವಿರುವ ಕಡೆ ಸೋಲುವುದು ಸುಲಭ, ಅಲ್ಲಿ ವಿಜ್ಞಾನಕ್ಕೆ ಸೋತೆ ಎಂದುಕೊಳ್ಳಬಹುದು. ಇಲ್ಲಿ ಸೋಲಬೇಕಾದದ್ದು ಅಮ್ಮನಿಗೆ.

ಹುಡುಗಿ ಜಾಣೆ. ಬೀದಿಗೋಡೆಯ ಮೇಲೆ ಎರಡಡಿ ಚೌಕದಲ್ಲಿ ಹಳದಿ, ತಿಳಿ ಬೂದು ಎರಡನ್ನೂ ಬಳಿಸಿ, ಬೆಳಿಗ್ಗೆ, ನಡುಹಗಲು, ದೀಪ ಹಾಕಿದ ಮೇಲೆ ನೋಡಿ, ಎರಡು ವಾರ ಬಿಟ್ಟು ಹೇಳಿ ಎಂದು ಹೊರಟಳು. ಮಳೆ ನಿಲ್ಲುವವರೆಗೆ ಹೇಗೂ ಹೊರಗಿನ ಕೆಲಸವಿಲ್ಲ. ದಿನವೂ ಫೋಟೊ ಕಳಿಸಲು ಹೇಳಿದ್ದೆ. ಬಂದ ಫೋಟೊಗಳಲ್ಲಿ ಹಳದಿ ಒಮ್ಮೆ ನಿಂಬೆ, ಒಮ್ಮೆ ಕಿತ್ತಳೆ. ಮೊನ್ನೆ ಅಮ್ಮನೇ ಫೋನು ಮಾಡಿದಳು. "ಫೋಟೋದಾಗೆ ಏನ್ ಕಾಣುತ್ತೆ? ಎರಡೂ ಹಂಗೇ ಐತೆ, ಅಳಿಸಿಲ್ಲ. ಬಂದು ಒಂದಿನ ಸಂಜೆ ಜಗಲಿ ಮೇಲೆ ಕೂತು ನೋಡು."