ತಿಪ್ಪೆಯ ಮೇಲಿನ ದೀಪ

ದೀಪಾವಳಿಯಲ್ಲಿ ನಮ್ಮ ಹಲವು ಹಳ್ಳಿಗಳಲ್ಲಿ ತಿಪ್ಪೆಗೂ ದೀಪವಿಡುತ್ತಾರೆ. ಸಗಣಿ, ತರಗೆಲೆ, ಒಲೆಬೂದಿ ಕೊಳೆಯುವ ಜಾಗಕ್ಕೇಕೆ ಈ ಗೌರವ?

ಗಿಡ ಸತುವನ್ನಾಗಲಿ ಕಬ್ಬಿಣವನ್ನಾಗಲಿ ಸೃಷ್ಟಿಸಲಾರದು, ಮಣ್ಣಲ್ಲಿದ್ದರೆ ಹೀರಿಕೊಳ್ಳುತ್ತದೆ. ಬರೀ ಯೂರಿಯಾ ಸುರಿದರೆ ಸಾರಜನಕ ಸಿಕ್ಕು ಸೊಪ್ಪು ಹಸಿರಾಗಿ ಕಾಣಬಹುದು, ಆದರೆ ಮಣ್ಣಲ್ಲಿಲ್ಲದ ಸತು ತಟ್ಟೆಗೆ ಬಾರದು. ಹಾಗಾಗಿ ಪ್ರತಿ ಕೊಯ್ಲೂ ಒಂದು ಸಾಲ. 1924ರಿಂದ 1931ರವರೆಗೆ ಇಂದೋರಿನಲ್ಲಿದ್ದು, ಅಲ್ಲಿ ಕಾಂಪೋಸ್ಟ್ ವಿಧಾನ ರೂಪಿಸಿದ ಆಲ್ಬರ್ಟ್ ಹೊವಾರ್ಡ್, ಪಡೆದದ್ದನ್ನು ಮಣ್ಣಿಗೆ ಮರಳಿಸುವುದನ್ನು ನಿಸರ್ಗದ ನಿಯಮವೆಂದೇ ಕರೆದರು.

ನಗರದ ನಾವು ಬಾಳೆಸಿಪ್ಪೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಊರಾಚೆ ಕಳಿಸಿ, ಮನೆ ಶುಚಿಯಾಯಿತೆಂದು ಕೈ ತೊಳೆಯುತ್ತೇವೆ. ಸಾಲವನ್ನು ಕಣ್ಮರೆ ಮಾಡಿದವನು ಶುಚಿಯೇ? ಮುಂದೆ ಅದೇ ಹೊಲದ ಅನ್ನ ಉಣ್ಣಬೇಕಾದ ಮಕ್ಕಳು ಈ ಪ್ರಶ್ನೆ ಕೇಳಬಹುದು.

ಬಾಲ್ಕನಿಯ ಕುಂಡದಲ್ಲಿ ಆ ಸಿಪ್ಪೆ ಕರಗಿ ಗೊಬ್ಬರವಾಗಲು ಕೆಲವು ತಿಂಗಳು ಸಾಕು. ಪೂರ್ತಿ ಋಣ ತೀರದು. ಒಂದು ಕಂತಾದರೂ ಸಂದೀತು.