ಪರಸ್ಥಳದ ಬಿಡಾರ

ಮಾಸ್ತಿಕಟ್ಟೆಯ ಕಡೆಯ ಗೃಹಸ್ಥರು ಮೈಸೂರನ್ನು ನೋಡಲು ಹೊರಟರೆ ಮೊದಲು ವಿಚಾರಿಸುವುದು ಅರಮನೆಯನ್ನಲ್ಲ, ಬಿಡಾರವನ್ನು: ನಿರ್ಮಲವಾದ ಬೀದಿ ಯಾವುದು, ನೆರೆಹೊರೆ ಎಂತಹುದು? ಹೆಂಗಸರು ಮಕ್ಕಳೊಡನೆ ಹೋಗುವವರು ಹೀಗೆ ಕೇಳುವುದು ವಿವೇಕವೇ ಸರಿ. ಅದನ್ನು ಒಣ ಜಂಬವೆಂದು ಹಳಿಯಲಾಗದು. ಆದರೆ ಸರಸ್ವತೀಪುರದ ಮರಗಳ ನೆರಳಿನಲ್ಲಿ ಇಳಿದುಕೊಂಡು, ಹಳೆಯ ಪೇಟೆಯ ಓಣಿಗಳನ್ನು ಮೂಗು ಮುಚ್ಚಿ ದಾಟಿ, ಅಲ್ಲಿಯ ಜನ ಕೊಳಕರೆಂದು ತೀರ್ಪು ಕೊಡುವುದು ನ್ಯಾಯವೆ?

ಮಲೆನಾಡಿನವರಿಗೆ ಈ ತೀರ್ಪು ಸುಲಭವಾಗಿ ಬಾಯಿಗೆ ಬರುವುದು. ಹುಲಿಕಲ್ ಘಟ್ಟದ ನೆತ್ತಿಯಲ್ಲಿ ಮಳೆಗಾಲವೇ ಅಂಗಳವನ್ನೂ ದಾರಿಯನ್ನೂ ತೊಳೆದುಬಿಡುತ್ತದೆ. ಉಂಡ ಬಾಳೆಯೆಲೆ ಗೊಬ್ಬರದ ಗುಂಡಿಗೆ ಬಿದ್ದು ಕಡೆಗೆ ಅಡಕೆಯ ಮರದ ಬುಡ ಸೇರುತ್ತದೆ. ಮನೆಯಿಂದ ಮನೆಗೆ ಕೂಗಳತೆಯ ದೂರ. ಈ ಶುಚಿಯಲ್ಲಿ ಮನುಷ್ಯನ ಪಾಲೆಷ್ಟು, ಮಳೆಯ ಪಾಲೆಷ್ಟು ಎಂದು ಲೆಕ್ಕವಿಟ್ಟವರಿಲ್ಲ. ಗೋಡೆಗೆ ಗೋಡೆ ತಗುಲಿದ ಓಣಿಯಲ್ಲಿ ಅದೇ ಗೃಹಸ್ಥನು ಒಂದು ತಿಂಗಳು ಸಂಸಾರ ಹೂಡಿದರೆ ಅವನ ಬಾಗಿಲಲ್ಲಿಯೂ ನೊಣ ಮುತ್ತೀತು.

ಹಿತವಾದ ಬಡಾವಣೆಗಳಾದರೂ ತಾವಾಗಿ ಹುಟ್ಟಿದವಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ ಜನರು ಪೇಟೆಯ ಇಕ್ಕಟ್ಟನ್ನು ಬಿಟ್ಟು ಬಸವನಗುಡಿ, ಮಲ್ಲೇಶ್ವರಗಳಲ್ಲಿ ನೆಲೆಸತೊಡಗಿದರು. ಮೈಸೂರಿನಲ್ಲಿ ನಗರದ ಅಭಿವೃದ್ಧಿಗೆಂದೇ 1903ರಲ್ಲಿ ಒಂದು ಮಂಡಳಿ ಸ್ಥಾಪಿತವಾಗಿ, ಅಗಲವಾದ ಬೀದಿಗಳುಳ್ಳ ಬಡಾವಣೆಗಳು ಬೆಳೆದವು. ನಿವೇಶನ ಕೊಳ್ಳಬಲ್ಲವರು ಅತ್ತ ಹೋದರು. ಕೊಳ್ಳಲಾರದವರಲ್ಲಿ ಅನೇಕರು ಓಣಿಯಲ್ಲಿಯೇ ಉಳಿದರು. ಓಣಿಯ ಕೊಳೆಯನ್ನು ಜನರ ಗುಣದೋಷವೆನ್ನುವವರು ಹಣದ ಈ ಮಾತನ್ನು ಎತ್ತುವುದೇ ಇಲ್ಲ.

2015ರಲ್ಲಿಯೂ 2016ರಲ್ಲಿಯೂ ಕೇಂದ್ರ ಸರ್ಕಾರದ ಸ್ವಚ್ಛತೆಯ ಪಟ್ಟಿಯಲ್ಲಿ ಮೈಸೂರು ದೇಶಕ್ಕೇ ಮೊದಲನೆಯದಾಯಿತು. ಆ ಕೀರ್ತಿಯನ್ನು ಗಳಿಸಿಕೊಟ್ಟವರು ಬೆಳಗಿನ ಜಾವದಲ್ಲಿ ಬೀದಿ ಗುಡಿಸುವ ಪೌರಕಾರ್ಮಿಕರು. ಅತಿಥಿಗಳು ಏಳುವ ಹೊತ್ತಿಗೆ ಅವರ ಕೆಲಸ ಬಹುಮಟ್ಟಿಗೆ ಮುಗಿದಿರುವುದರಿಂದ ಬೀದಿ ತಾನೇ ಚೊಕ್ಕಟವಾಗಿರುವಂತೆ ತೋರುವುದು. ಗುಡಿಸಿದ ಕಸವಾದರೂ ಎಲ್ಲಿಗೆ ಹೋಯಿತು? ವಿದ್ಯಾರಣ್ಯಪುರದ ಸೂಯೇಜ್ ಫಾರಮ್ಮಿನಲ್ಲಿ ಅದು ವರ್ಷಾನುವರ್ಷ ಗುಡ್ಡವಾಗಿ ಬೆಳೆಯಿತು. ಅದರ ನಾತವನ್ನು ಸಹಿಸಿದವರು ಸುತ್ತಣ ಮನೆಗಳವರು. ಅತಿಥಿಯು ಕೊಟ್ಟ ಬಾಡಿಗೆಯಲ್ಲಿ ಅವರ ಪಾಲಿಗೆ ಏನೂ ಸೇರಲಿಲ್ಲ.

ಎರಡು ದಿನ ಇದ್ದು ಹೋದವನ ನೀರಿನ ಬಾಟಲಿಗಳೂ ಊಟದ ಪೊಟ್ಟಣಗಳೂ ಇಂತಹ ಗುಡ್ಡಗಳನ್ನೇ ಸೇರುತ್ತವೆ. ಊರಿಗೆ ಮರಳಿ ಜಗುಲಿಯಲ್ಲಿ ಕುಳಿತು ಓಣಿಗಳ ವರ್ಣನೆ ಮಾಡುವಾಗ ಆ ಪೊಟ್ಟಣಗಳ ಮಾತು ಬರುವುದಿಲ್ಲ.