ಚೌಕವೂ ಚತುರವೂ

ಕೊಚ್ಚಿಯಲ್ಲಿ ನಡೆದ ಒಂದು ಶಿಕ್ಷಕರ ತರಬೇತಿಯಲ್ಲಿ ಸಂಪನ್ಮೂಲ ವ್ಯಕ್ತಿ ಅಂದರು: “ವಿಷಯವೆಲ್ಲ ಮಕ್ಕಳ ಮೊಬೈಲಿನಲ್ಲೇ ಇದೆ. ಇನ್ನು ಟೀಚರ್ ಕಲಿಸಬೇಕಾಗಿಲ್ಲ, ಜೊತೆಗಿದ್ದರೆ ಸಾಕು.” ಚಪ್ಪಾಳೆ ಬಿತ್ತು. ನನಗೆ ಮೈಯೆಲ್ಲ ಉರಿಯಿತು. ನಾನು ಕೇರಳದ ಕಾಸರಗೋಡಿನವಳು. ಕನ್ನಡ ಮಾಧ್ಯಮಕ್ಕೆ ಕನ್ನಡ ಬಾರದವರನ್ನು ನೇಮಿಸಿದರೆಂದು ತಂದೆತಾಯಂದಿರು ಮತ್ತೆ ಮತ್ತೆ ಬೀದಿಗಿಳಿದ ಊರು ನನ್ನದು. ಜೊತೆಗಿದ್ದರೆ ಸಾಕಾದರೆ ಆ ಹೋರಾಟ ಯಾತಕ್ಕೆ?

ಟೀಚರ್ ಯಾಕೆ ಬೇಕು ಎಂಬುದಕ್ಕೆ ಬಿ.ಎಡ್.ನಲ್ಲಿ ಉರುಹೊಡೆದ ಉತ್ತರಗಳೆಲ್ಲ ಅಲ್ಲೇ ಇರಲಿ. ನನ್ನ ನಿದ್ದೆಗೆಡಿಸುವವನು ಜಕೊಟೊ. ಫ್ರಾನ್ಸಿನಿಂದ ಗಡಿಪಾರಾದ ಈ ಮೇಷ್ಟ್ರು 1818ರಲ್ಲಿ ಈಗಿನ ಬೆಲ್ಜಿಯಂನ ಲೂವೆನ್‌ನಲ್ಲಿ ಪಾಠಕ್ಕೆ ನಿಂತ. ಹುಡುಗರಿಗೆ ಫ್ರೆಂಚ್ ಬಾರದು, ಇವನಿಗೆ ಫ್ಲೆಮಿಷ್ ಬಾರದು. ಎರಡೂ ಭಾಷೆಯಲ್ಲಿ ಅಚ್ಚಾದ ‘ಟೆಲಿಮಾಕ್’ ಪುಸ್ತಕವನ್ನು ಅವರ ಕೈಗಿಟ್ಟ. ಏನೂ ವಿವರಿಸಲಿಲ್ಲ. ಹುಡುಗರು ಫ್ರೆಂಚ್ ಕಲಿತರು! ಫ್ರೆಂಚ್ ತತ್ವಜ್ಞಾನಿ ರಾನ್ಸಿಯೇರ್ 1987ರಲ್ಲಿ ಈ ಕಥೆಯನ್ನೆತ್ತಿಕೊಂಡು ನಮ್ಮಂಥವರಿಗೆ ಚಾಟಿ ಬೀಸಿದ: ವಿವರಿಸುವವನು ‘ನಿನಗೆ ತಾನಾಗಿ ತಿಳಿಯದು’ ಎಂಬುದನ್ನೇ ಮೊದಲು ಕಲಿಸುತ್ತಾನೆ.

ಜಕೊಟೊಗೆ ಫ್ರೆಂಚ್ ಬರುತ್ತಿತ್ತಲ್ಲ, ಹುಡುಗರು ಬರೆದದ್ದರಲ್ಲಿ ಸರಿತಪ್ಪು ಕಾಣುತ್ತಿತ್ತಲ್ಲ ಎಂದು ನಾನು ಪಟ್ಟು ಹಾಕುತ್ತೇನೆ. ಆದರೆ ಆಮೇಲೆ ಅವನು ತನಗೆ ಬಾರದ ಚಿತ್ರಕಲೆ, ಪಿಯಾನೋಗಳನ್ನೂ ಕಲಿಸಲು ಹೊರಟವನು. ಪುಸ್ತಕವಾದರೂ ಇತ್ತಲ್ಲ ಅಂದರೆ, ನಮಗೂ ತಿರುವನಂತಪುರದಿಂದ ಕನ್ನಡ ಪುಸ್ತಕ ಬರುತ್ತದೆ. 2024ರಲ್ಲಿ ಏಳನೆಯ ತರಗತಿಯ ಐಸಿಟಿ ಪಠ್ಯಕ್ಕೆ ಎಐ ಸೇರಿದಾಗ, ಮುಖದ ಭಾವ ಗುರುತಿಸುವ ಪ್ರೋಗ್ರಾಂ ಮಾಡುವ ಪಾಠ ಕನ್ನಡದಲ್ಲೂ ಬಂತು. ಎದುರಿಗೆ ಕೂತ ಮಗುವಿನ ಮುಖಭಾವ ಓದಲು ಮಾತ್ರ ಮನುಷ್ಯರೇ ಬೇಕು ಎಂದು ಬರೆಯಹೊರಟೆ. ಬರೆಯುವಾಗಲೇ ನೆನಪಾಯಿತು, ಮಲಯಾಳವನ್ನು ನನಗೆ ಯಾರೂ ಕಲಿಸಿರಲಿಲ್ಲ. ಬಸ್ಸಿನ ಬೋರ್ಡು, ಸಿನಿಮಾ ಪೋಸ್ಟರು, ಅಷ್ಟೇ.

ಆದರೂ ನಮ್ಮ ಶಾಲೆಯ ಒಬ್ಬ ಹುಡುಗನ ನೋಟ್‌ಬುಕ್ಕು ಕಣ್ಣ ಮುಂದಿದೆ. ಕನ್ನಡ ತಿಳಿಯದ ಗಣಿತದ ಟೀಚರ್ ‘ಚತುರಂ’ ಬರೆಯಿರಿ ಎಂದಿದ್ದರು. ಮಲಯಾಳದಲ್ಲಿ ಅದು ಆಯತ. ಹುಡುಗನ ಕಿವಿಗೆ ಅದು ನಮ್ಮ ‘ಚದರ’. ಸ್ಕೇಲಿಟ್ಟು ನಾಲ್ಕೂ ಬದಿ ನಾಲ್ಕು ಸೆಂಟಿಮೀಟರ್ ಅಳೆದು ಅಂದದ ಚೌಕ ಬರೆದಿದ್ದ. ಅದರ ಮೇಲೆ ಕೆಂಪು ಶಾಯಿಯ ಗುಣಾಕಾರ ಚಿಹ್ನೆ. ನೋಡಿ, ಇದಕ್ಕೇ ಕನ್ನಡ ಬಲ್ಲವರು ಬೇಕೆನ್ನುವುದು ಎಂದು ಸ್ಟಾಫ್ ರೂಮಿನಲ್ಲಿ ನಾನು ಕೂಗಾಡಿದ್ದೂ ಆಯಿತು.

ವಾರ ಕಳೆದು ಹುಡುಗನೇ ಬಂದ. “ಟೀಚರೇ, ಚತುರಕ್ಕೆ ನಾಲ್ಕು ಮೂಲೆ ಸರಿಯಾಗಿದ್ದರೆ ಸಾಕಂತೆ. ಹಾಗಾದರೆ ನನ್ನ ಚೌಕವೂ ಚತುರವೇ ಅಲ್ವಾ?”

ಚೌಕವೂ ಒಂದು ಆಯತ. ಎಷ್ಟು ಬಾರಿ ಹೇಳಿಕೊಟ್ಟರೂ ನನ್ನ ಕ್ಲಾಸಿನಲ್ಲಿ ಯಾರ ತಲೆಗೂ ಹತ್ತದ ಮಾತು. ಆ ದಿನ ನಾನಿದ್ದಿದ್ದರೆ ‘ಚತುರ ಅಂದರೆ ಆಯತ ಮಗಾ’ ಎಂದು ಅರ್ಧ ನಿಮಿಷದಲ್ಲಿ ತಿದ್ದಿಬಿಡುತ್ತಿದ್ದೆ. ಅವನು ಆಯತ ಬರೆದು ಪುಸ್ತಕ ಮುಚ್ಚುತ್ತಿದ್ದ.

ಮುಂದಿನ ನೇಮಕಾತಿಯ ಮನವಿಗೆ ನಾನೂ ಸಹಿ ಹಾಕುವವಳೇ. ಹುಡುಗನ ಪ್ರಶ್ನೆಯನ್ನು ಮಾತ್ರ ಇನ್ನೂ ಸ್ಟಾಫ್ ರೂಮಿನಲ್ಲಿ ಹೇಳಿಲ್ಲ.